ಬಿಳಿ ಟೇಪು ಮತ್ತು ಭಾನುವಾರದ ರಾಹುಕಾಲ

“ಯಾರು ಮೇಡಂ ಇದಕ್ಕೆ ಇಷ್ಟೊಂದು ಟೇಪ್ ಸುತ್ತಿದ್ದು?”

ಅಡುಗೆಮನೆಯ ನಲ್ಲಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಪ್ಲಂಬರ್ ಹೀಗೆ ಕೇಳಿದ. ನಲ್ಲಿಯ ಕುತ್ತಿಗೆಗೆ ಬಿಳಿ ಟೇಪು, ಶೀತವಾದವರು ಮಫ್ಲರ್ ಸುತ್ತಿಕೊಂಡ ಹಾಗೆ, ದಪ್ಪಗೆ ಕೂತಿತ್ತು. ಇಷ್ಟಾದರೂ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದು ಎಂದು ನಾನು ಕಿಟಕಿಯ ಕಡೆ ನೋಡುತ್ತಾ ನಿಂತೆ. ಆದರೆ ಆ ಪ್ರಶ್ನೆ ಎಲ್ಲೋ ಕೇಳಿದ್ದು ಅನ್ನಿಸಿತು. ಎಲ್ಲೋ ಏನು, ಇದೇ ಮನೆಯ ಅಂಗಳದಲ್ಲಿ, ಇಷ್ಟೇ ಆಶ್ಚರ್ಯದ ದನಿಯಲ್ಲಿ, ಬೇರೊಬ್ಬರು ಬೇರೊಂದು ವಸ್ತುವಿನ ಬಗ್ಗೆ ಕೇಳಿದ್ದರು. ಅವತ್ತು ಉತ್ತರ ಕೊಡಬೇಕಾಗಿದ್ದವರು ನಮ್ಮ ಮಾವ. ಪ್ಲಂಬರ್ ಈಗ ವಾಷರ್ ಹುಡುಕಲು ಚೀಲಕ್ಕೆ ಕೈ ಹಾಕಿದ್ದಾನೆ. ಅದು ಅಷ್ಟು ಬೇಗ ಸಿಗುವ ಚೀಲದ ಹಾಗೆ ಕಾಣುತ್ತಿಲ್ಲ. ಅಷ್ಟರಲ್ಲಿ ನಿಮಗೆ ಆ ಕಥೆ ಹೇಳಿಬಿಡುತ್ತೇನೆ.

ಮಾವ ಎಂದರೆ ನನ್ನ ಗಂಡನ ತಂದೆ. ಹೆಬ್ಬಗೋಡಿಯ ಈ ಮನೆ ಅವರು ಕಟ್ಟಿಸಿದ್ದು. ಕಟ್ಟಿಸಿದ್ದು ಎನ್ನುವುದಕ್ಕಿಂತ ಬಿಗಿಸಿದ್ದು ಎನ್ನಬೇಕು. ಇಟ್ಟಿಗೆ ಗಾರೆ ಬೇರೆಯವರ ಕೆಲಸವಾದರೂ ಪೈಪು, ನಲ್ಲಿ, ಚಿಲಕ, ಬಾಗಿಲಿನ ತಿರುಪು ಎಲ್ಲವೂ ಅವರ ಕೈಯವೇ. ನಿವೃತ್ತಿಯಾಗುವವರೆಗೂ ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಪೈಪ್ ಫಿಟ್ಟರ್ ಆಗಿದ್ದರು. ಅಲ್ಲಿನ ಸೂರಿನಡಿ ಯಂತ್ರಗಳಿಗೆಂದು ಹಬ್ಬಿದ್ದ ಗಾಳಿ ಪೈಪುಗಳಲ್ಲಿ ಎಲ್ಲಿ ‘ಸುಸ್’ ಎಂದರೂ ಇವರಿಗೇ ಕರೆ. ಏಣಿ ಹತ್ತಿ, ಕೀಲು ಬಿಚ್ಚಿ, ತಿರುಪಿನ ಮೇಲೆ ಬಿಳಿ ಟೇಪು ಸುತ್ತಿ, ಮತ್ತೆ ಬಿಗಿದು ಇಳಿದರೆ ಆ ಕೀಲು ಇವರ ಆಯಸ್ಸು ಇರುವವರೆಗೆ ಬಾಯಿ ಬಿಡಬಾರದು. ಬಿಡುತ್ತಿರಲಿಲ್ಲವಂತೆ. “ಸೋರೋದು ಪೈಪಿನ ತಪ್ಪಲ್ಲ ಕಣಮ್ಮ, ಸುತ್ತೋನ ತಪ್ಪು” ಎನ್ನುವುದು ಅವರ ಮನೆದೇವರ ಮಂತ್ರ.

ನಿವೃತ್ತಿಯಾದ ಮೇಲೆ ಪೈಪುಗಳು ಫ್ಯಾಕ್ಟರಿಯಲ್ಲೇ ಉಳಿದವು, ಟೇಪು ಮಾತ್ರ ಮನೆಗೆ ಬಂತು. ಕುಕ್ಕರಿನ ಹಿಡಿಗೆ ಟೇಪು. ನೀರಿನ ಫಿಲ್ಟರಿಗೆ ಟೇಪು. ಅವರ ಕನ್ನಡಕದ ಕಾಲು ಅಲ್ಲಾಡಿದರೆ ಅದಕ್ಕೂ ಟೇಪು. ಒಮ್ಮೆ ಉಪ್ಪಿನಕಾಯಿ ಜಾಡಿಗೆ ಗಾಳಿ ಹೋಗುತ್ತದೆ ಎಂದು ಅತ್ತೆ ಬಾಯಿ ತಪ್ಪಿ ಹೇಳಿದ್ದಕ್ಕೆ ಮುಚ್ಚಳದ ತಿರುಪಿಗೆ ಸುತ್ತಿ ಬಿಗಿದುಬಿಟ್ಟರು. ಆಮೇಲೆ ಅದನ್ನು ಬಿಚ್ಚಲು ನಮ್ಮ ಮನೆಯಲ್ಲಿ ಯಾರಿಂದಲೂ ಆಗಲಿಲ್ಲ. ಆ ಬೇಸಿಗೆ ಪೂರ್ತಿ ನಾವು ಕಣ್ಣೆದುರು ಮಾವಿನಕಾಯಿ ಇಟ್ಟುಕೊಂಡು ಬರೀ ಮೊಸರನ್ನ ತಿಂದೆವು. “ಗಾಳಿ ಓಗಬಾರ್ದು ಅಂದ್ಯಲ್ಲ, ಓಗಲ್ಲ” ಎಂದರು ಮಾವ, ಸಮಾಧಾನವಾಗಿ.

ನಾನೇನು ಕಡಿಮೆಯವಳಲ್ಲ ಬಿಡಿ. ನನ್ನದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಒಳಗೆ ಹೊರಗೆ ತಿರುಗಿಸಿ, ಒಂದು ಹೊಲಿಗೆ ಹಾರಿದ್ದರೂ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು. ಇಡೀ ಲೈನಿನಲ್ಲಿ ನನ್ನನ್ನು ಕಂಡರೆ ಆಗದವರೇ ಹೆಚ್ಚು. ಅಭ್ಯಾಸಬಲ, ಮನೆಯಲ್ಲೂ ಬಿಡುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಪಕ್ಕದ ಮನೆಯವರಿಗೆ, “ನಮ್ ಸೊಸೆ ದೋಸೇನೂ ತಿರುವಾಕಿ ನೋಡಿ ಪಾಸ್ ಮಾಡ್ತಾಳೆ” ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮಾವನ ಬಳಿ ಒಂದು ಹಳೆಯ ಬಿಳಿ ಕಾರಿತ್ತು, ಅದೂ ಯಾರೋ ಓಡಿಸಿ ಬಿಟ್ಟಿದ್ದು. ನಮ್ಮ ಮನೆಯವರಿಗೆ ಸ್ಟೇರಿಂಗ್ ಕಂಡರೆ ಬೆವರು. ಎರಡು ಚಕ್ರಕ್ಕಿಂತ ಹೆಚ್ಚಿನ ಸಂಸಾರ ತನಗೆ ಬೇಡ ಎಂದು ಬೈಕಿನಲ್ಲೇ ಇದ್ದಾರೆ. ಹಾಗಾಗಿ ಮಾವ ಡ್ರೈವಿಂಗ್ ಕಲಿಸಿದ್ದು ಮಗನಿಗಲ್ಲ, ಸೊಸೆಗೆ. ಭಾನುವಾರ ಬೆಳಗ್ಗೆ ಫ್ಯಾಕ್ಟರಿಗಳ ನಡುವಿನ ಖಾಲಿ ರಸ್ತೆಯಲ್ಲಿ ನಾನು ಓಡಿಸುವುದು, ಅವರು ಪಕ್ಕದ ಸೀಟಿನಲ್ಲಿ ಕೂತು ಪ್ರಾಣ ಹಿಡಿದುಕೊಳ್ಳುವುದು. ನಾನು ಬ್ರೇಕ್ ಒತ್ತಿದಾಗೆಲ್ಲ ಅವರೂ ತಮ್ಮ ಕಡೆಯ ನೆಲವನ್ನು ಬಲಗಾಲಿನಿಂದ ಒತ್ತುತ್ತಿದ್ದರು. ನಾನು ಒತ್ತದಿದ್ದಾಗ ಇನ್ನೂ ಜೋರಾಗಿ ಒತ್ತುತ್ತಿದ್ದರು. ನಾನು ಚೆನ್ನಾಗಿ ಕಲಿತ ಮೇಲೂ ಆ ಕಾಲು ಸುಮ್ಮನಾಗಲಿಲ್ಲ. ಆ ಕಡೆಯ ಮ್ಯಾಟು ಅವರ ಹಿಮ್ಮಡಿ ಊರುವ ಜಾಗದಲ್ಲೇ ಸವೆದು ತೂತಾಗಿತ್ತು.

ಅವರು ಕಲಿಸಿದ್ದರಲ್ಲಿ ಒಂದನ್ನು ಮಾತ್ರ ನಾನು ಯಾವತ್ತೂ ತಪ್ಪಿಸುವುದಿಲ್ಲ. ಹೊರಡುವ ಮುಂಚೆ ಬ್ರೇಕ್ ಒತ್ತಿ, ಒತ್ತಿದ ಕಾಲನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು. ಪೆಡಲು ಕಲ್ಲಿನ ಹಾಗೆ ನಿಂತರೆ ಸರಿ. ಕಾಲಿನ ಕೆಳಗೆ ಮೆಲ್ಲಗೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಫ್ಯಾಕ್ಟರಿಯಲ್ಲಿ ಹೊಸ ಪೈಪು ಹಾಕಿದರೆ ಗಾಳಿ ತುಂಬಿಸಿ, ಎರಡೂ ಕಡೆ ಮುಚ್ಚಿ, ಮೀಟರಿನ ಮುಳ್ಳು ನೋಡುತ್ತಾ ಕೂರುತ್ತಿದ್ದರಂತೆ. “ಮುಳ್ಳು ಇಳದ್ರೆ ನಮ್ ಕೆಲ್ಸ ಕೆಟ್ಟೋಯ್ತು ಅಂತ. ಅವಾಗ ಯಾರ್ ಏನ್ ಏಳಿದ್ರೂ ಕೇಳಂಗಿಲ್ಲ. ಮುಳ್ಳು ಸುಳ್ಳು ಏಳಲ್ಲ ಕಣಮ್ಮ.” ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ನಾದಿನಿ ಸವಿತಾಳನ್ನು ಕೊಟ್ಟಿದ್ದು ಅತ್ತಿಬೆಲೆಗೆ. ಮೊದಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಬಾಣಂತನ ಮುಗಿದು, ಕೂಸಿಗೆ ಐದನೇ ತಿಂಗಳು ತುಂಬಿ, ಗಂಡನ ಮನೆಗೆ ಕಳಿಸುವ ದಿನ ಗೊತ್ತಾಯಿತು. ಮಡಿಲು ತುಂಬಿಸಿ, ತೊಟ್ಟಿಲು ಸಮೇತ, ತವರಿನವರೇ ಕರೆದುಕೊಂಡು ಹೋಗಿ ಬಿಟ್ಟುಬರಬೇಕು. ಅದು ನಮ್ಮ ಕಡೆಯ ಪದ್ಧತಿ. ಅಷ್ಟರಲ್ಲಿ ಬೀಗಿತ್ತಿಯ ಫೋನು ಬಂತು. “ನಿಮ್ ಗಾಡಿ ಯಾಕೆ ಪಾಪ, ಅದು ಹಳೇದು. ಮಗು ಬೇರೆ ಇರತ್ತೆ. ನಾವೇ ನಮ್ ದೊಡ್ಡ ಗಾಡಿ ಕಳಿಸ್ತೀವಿ ಬಿಡಿ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬಹುದು. ಆದರೆ ಆ ‘ಪಾಪ’ ಎನ್ನುವ ಒಂದು ಮಾತು ಮಾವನಿಗೆ ಮುಳ್ಳಿನ ಹಾಗೆ ಚುಚ್ಚಿತು. ಕಣ್ಣಿನ ಪೊರೆಯ ಆಪರೇಷನ್ ಆಗಿ ಅವರು ಕಾರು ಓಡಿಸುವಂತಿರಲಿಲ್ಲ. ಆದರೂ, “ನಮ್ ಮಗು, ನಮ್ ಗಾಡೀಲೇ ಓಗೋದು. ನಮ್ ಸೊಸೆ ಓಡಿಸ್ತಾಳೆ” ಎಂದು ಫೋನ್ ಇಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ಹೊಸೂರು ರಸ್ತೆಯ ಲಾರಿಗಳ ನಡುವೆ ಐದು ತಿಂಗಳ ಕೂಸನ್ನು ಕರೆದೊಯ್ಯುವುದು ಎಂದರೆ ಅಂಗಿಯ ಗುಂಡಿ ನೋಡಿದ ಹಾಗಲ್ಲ.

ಹೊರಡುವ ಭಾನುವಾರಕ್ಕೆ ಇನ್ನೂ ಎರಡು ಮೂರು ದಿನ ಇರುವಾಗ ಒಂದು ಬೆಳಗ್ಗೆ ಅತ್ತೆಯ ಕೂಗು ಕೇಳಿಸಿತು.

“ಬಂದ್ ನೋಡ್ರಿ ಇಲ್ಲಿ, ನಿಮ್ ಗಾಡಿ ನನ್ ರಂಗೋಲಿ ಮ್ಯಾಲೆ ಒಂದಕ್ಕೋಗೈತೆ!”

ಕಾರು ಅಂಗಳದಲ್ಲೇ ನಿಲ್ಲುತ್ತಿತ್ತು. ಅದರ ಮೂತಿಯ ಮುಂದೆ ಅತ್ತೆಯ ರಂಗೋಲಿ. ಎಡಗಡೆಯ ಚಕ್ರದಿಂದ ಏನೋ ಹರಿದುಬಂದು ಒಂದು ಕಮಲದ ಎಸಳನ್ನು ನೆನೆಸಿತ್ತು. ಮಾವ ಬೆರಳಿನಿಂದ ಮುಟ್ಟಿ, ಮೂಸಿ, ಮುಖ ಸಿಂಡರಿಸಿ, “ಬ್ರೇಕ್ ಆಯಿಲ್ಲು” ಎಂದರು. ಗೋಣಿಚೀಲ ಹಾಸಿಕೊಂಡು ಕಾರಿನಡಿ ತೂರಿದರು. ಚಕ್ರದ ಹಿಂದೆ ಕಬ್ಬಿಣದ ಸಣ್ಣ ಪೈಪು ಬಂದು ರಬ್ಬರ್ ಪೈಪಿಗೆ ಸೇರುವ ಜಾಗವೊಂದಿದೆ. ಅಲ್ಲೊಂದು ನಟ್ಟು. ಅದರ ಸುತ್ತ ಒದ್ದೆ. ರಂಗೋಲಿ ಪುಡಿಯನ್ನೇ ಚಿಟಿಕೆ ತರಿಸಿ ಅಲ್ಲಿ ಉದುರಿಸಿದರು. ಪುಡಿ ಕ್ಷಣದಲ್ಲಿ ಹಸಿಯಾಯಿತು. ಕಳ್ಳ ಸಿಕ್ಕಿಬಿದ್ದ.

ಮೆಕ್ಯಾನಿಕ್ ನಯಾಜಣ್ಣನನ್ನು ಕರೆಯೋಣ ಎಂದೆ. ಮಾವ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಜೀವಮಾನವೆಲ್ಲ ಕೀಲು ಬಿಗಿದ ಮನುಷ್ಯನಿಗೆ ಹೆಬ್ಬೆರಳಷ್ಟಿರದ ನಟ್ಟಿಗೆ ಮೆಕ್ಯಾನಿಕ್ಕೇ? ನಟ್ಟು ಬಿಚ್ಚಿದರು, ಒರೆಸಿದರು, ಬಿಳಿ ಟೇಪನ್ನು ಭಕ್ತಿಯಿಂದ ಸುತ್ತಿದರು, ಮತ್ತೆ ಕೂರಿಸಿದರು. ಸ್ಪ್ಯಾನರಿಗೆ ಒಂದು ಉದ್ದನೆಯ ಪೈಪು ಸಿಗಿಸಿ, ಹಲ್ಲು ಕಚ್ಚಿ, ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿದರು; ಆಮೇಲೆ ಇನ್ನೊಂದು ಸುತ್ತು. ಬಾನೆಟ್ಟಿನಡಿಯ ಡಬ್ಬಿಗೆ ಹೊಸ ಆಯಿಲ್ ಹುಯ್ದು, ಪೆಡಲನ್ನು ಪಟಪಟ ತುಳಿದು ಗಟ್ಟಿ ಮಾಡಿದರು. ಮರುದಿನ ನೆಲ ಒಣಗಿತ್ತು. ಅದರ ಮರುದಿನವೂ ಒಣಗಿತ್ತು. ಅತ್ತೆಯ ಕಮಲ ಪೂರ್ತಿ ಎಸಳುಗಳಿಂದ ಅರಳಿತು. ಮಾವ ಸೈಟಿನ ಕೋರ್ಟು ಕೇಸು ಗೆದ್ದ ಕಕ್ಷಿದಾರನ ಹಾಗೆ ಅಂಗಳದಲ್ಲಿ ಓಡಾಡಿದರು.

ಭಾನುವಾರ ಬಂತು. ನಮ್ಮ ಮನೆಯವರಿಗೆ ಅವತ್ತೂ ಶಿಫ್ಟು. ಹೂವು, ತೆಂಗಿನಕಾಯಿ ತರಲು ನಾನು ಕಾರು ತೆಗೆದುಕೊಂಡು ಹೆಬ್ಬಗೋಡಿ ಸರ್ಕಲ್ಲಿಗೆ ಹೋದೆ. ಅವಸರದಲ್ಲಿ ಒತ್ತಿ ಹಿಡಿದು ನೋಡಲೂ ಇಲ್ಲ ಎನ್ನಬೇಡಿ, ನೋಡಿದೆ. ಆಗ ನಿಂತೇ ಇತ್ತು, ಸ್ವಲ್ಪ ಮೆತ್ತಗೆ ಅನ್ನಿಸಿತು ಅಷ್ಟೆ. ವಾಪಸ್ ಬರುವಾಗ ಮುಂದೆ ಸಿಟಿ ಬಸ್ಸೊಂದು ನಿಂತಿತು. ನಾನು ಬ್ರೇಕ್ ಒತ್ತಿದೆ. ಕಾಲು ಇಳಿಯಿತು. ಇನ್ನೂ ಇಳಿಯಿತು. ನಿಲ್ಲಬೇಕಾದ ಜಾಗ ದಾಟಿ, ಮೆಟ್ಟಿಲು ಇದೆ ಎಂದು ಕತ್ತಲಲ್ಲಿ ಕಾಲಿಟ್ಟರೆ ಇಲ್ಲದಾಗುತ್ತದಲ್ಲ, ಹಾಗೆ ಇಳಿದು ನೆಲ ಮುಟ್ಟಿತು. ಕೈ ತಾನಾಗಿ ಹ್ಯಾಂಡ್‌ಬ್ರೇಕ್ ಎಳೆಯಿತು. ಕಾರು ಒಮ್ಮೆ ತಿಣುಕಿ ಬಸ್ಸಿನ ಹಿಂಭಾಗದ ಜಾಹೀರಾತಿನ ಹೆಂಗಸು ನನ್ನ ಮೂಗಿಗೆ ಮೂಗು ತಾಗಿಸುವಷ್ಟು ಹತ್ತಿರದಲ್ಲಿ ನಿಂತಿತು. ಆ ಹೆಂಗಸು ಚಿನ್ನ ಹಾಕಿಕೊಂಡು ನಗುತ್ತಿದ್ದಳು. ನನ್ನ ಜೀವ ಬಾಯಿಗೆ ಬಂದಿತ್ತು. ಏನೂ ಆಗಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಆದರೆ ಹಿಂದಿನ ಸೀಟನ್ನು ತಿರುಗಿ ನೋಡಿದೆ. ಅಲ್ಲಿ ಸವಿತಾ, ಅವಳ ಮಡಿಲಲ್ಲಿ ಕೂಸು ಕೂರಬೇಕಾಗಿದ್ದ ಜಾಗದಲ್ಲಿ ತೆಂಗಿನಕಾಯಿಗಳು ಉರುಳಿ ಕೆಳಗೆ ಬಿದ್ದಿದ್ದವು.

ಪೆಡಲನ್ನು ತುಳಿದು ತುಳಿದು, ನಡೆಯುವವರಿಗಿಂತ ನಿಧಾನವಾಗಿ, ಹ್ಯಾಂಡ್‌ಬ್ರೇಕ್ ಮೇಲೆ ಕೈಯಿಟ್ಟುಕೊಂಡೇ ಮನೆ ಸೇರಿದೆ. ಅಲ್ಲಿ ಎಲ್ಲರೂ ಸಿದ್ಧ. ಸವಿತಾ ರೇಷ್ಮೆ ಸೀರೆ ಉಟ್ಟು, ಕಿವಿಗೆ ಸ್ಕಾರ್ಫು ಬಿಗಿದು ಕೂತಿದ್ದಳು. ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು. ತೊಟ್ಟಿಲನ್ನು ಹಗ್ಗ ಕಟ್ಟಿ ಬಾಗಿಲಿಗೆ ತಂದಿಟ್ಟಿದ್ದರು. ಮಾವ ಹೊಸ ಬಿಳಿ ಪಂಚೆ, ತೋಳಿನ ಇಸ್ತ್ರಿ ಮುರಿಯದ ಅಂಗಿ. ಅವರ ಮುಖದಲ್ಲಿದ್ದ ಸಂಭ್ರಮ ನೋಡಿ ನನಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ನುಂಗುವಂತಂತೂ ಇರಲೇ ಇಲ್ಲ.

“ಮಾವ, ಬ್ರೇಕ್ ಇಳೀತಾ ಇದೆ” ಎಂದೆ.

“ನಾನ್ ಕಟ್ಟಿದ್ದು ಸೋರಲ್ಲ ಕಣಮ್ಮ. ನೀನ್ ಎದ್ರುಕೊಂಡಿದೀಯ. ಲಾರಿ ಗೀರಿ ನೋಡಿರ್ಬೇಕು.”

“ಹೆದರಿದೀನಿ, ನಿಜ. ಆದ್ರೆ ಪೆಡಲ್ ನೆಲ ಮುಟ್ತು ಮಾವ. ಈ ಪೀಸ್ ನಾನು ಪಾಸ್ ಮಾಡಲ್ಲ.”

ಮಾತು ನನಗೇ ತಿಳಿಯದೆ ಫ್ಯಾಕ್ಟರಿಯ ದನಿಯಲ್ಲಿ ಬಂದುಬಿಟ್ಟಿತು. ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ರಾಯಚೂರಿನ ಹೆಂಗಸು ಬಟ್ಟೆ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು. ಸೊಸೆ ಮಾವನಿಗೆ ಎದುರಾಡುವುದನ್ನು ಬಿಟ್ಟಿ ನೋಡುವ ಯೋಗ ಯಾರು ಕಳೆದುಕೊಳ್ಳುತ್ತಾರೆ? ಮಾವ ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತರು. ಇಂಜಿನ್ ಚಾಲೂ ಮಾಡಿ ಪೆಡಲನ್ನು ಪಟಪಟ ತುಳಿದರು. “ನೋಡು, ಕಲ್ಲಾಗೈತೆ” ಎಂದರು.

ತುಳಿದರೆ ಯಾವ ಪೆಡಲೂ ಒಂದು ಕ್ಷಣ ಕಲ್ಲಾಗುತ್ತದೆ. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ನಾನು ಕಿಟಕಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ, “ನೀವು ಹೇಳ್ಕೊಟ್ಟ ಹಾಗೆ ಮಾವ. ಒತ್ತಿ ಹಿಡ್ಕೊಂಡು ಕಾಯಿರಿ.”

ಅವರು ಒತ್ತಿ ಹಿಡಿದರು. ನಾನು ಅವರ ಕಾಲನ್ನು ನೋಡಲಿಲ್ಲ, ಮುಖ ನೋಡಿದೆ. ಎದುರಿನ ಗಾಜಿನಾಚೆ ಎಲ್ಲೋ ನೋಡುತ್ತಿದ್ದರು. ಫ್ಯಾಕ್ಟರಿಯ ಮೀಟರಿನ ಮುಳ್ಳು ಅಲ್ಲಿ ತೂಗುಹಾಕಿದ ಹಾಗೆ. ಮೊದಲು ಗೆಲುವಿತ್ತು. ಆಮೇಲೆ ಹುಬ್ಬು ಕೂಡಿದವು. ಆಮೇಲೆ ಮೊಣಕಾಲು ಮೆಲ್ಲಗೆ ಮುಂದೆ ಸರಿಯಿತು, ತುಂಬಾ ಮೆಲ್ಲಗೆ. ಮಾವ ಕಣ್ಣು ಮುಚ್ಚಿದರು. ಅವರ ಕಾಲಿನ ಕೆಳಗೆ ಮುಳ್ಳು ಇಳಿಯುತ್ತಿತ್ತು. ನನಗೆ ಗೆದ್ದೆ ಎಂದು ಒಂದಿಷ್ಟೂ ಅನ್ನಿಸಲಿಲ್ಲ. ಅಳು ಬರುವ ಹಾಗಾಯಿತು.

ಇಂಜಿನ್ ಆರಿಸಿ ಇಳಿದರು. ಸವಿತಾಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಭುಜಕ್ಕೆ ಹಾಕಿಕೊಂಡರು. ಅದರ ಬೆನ್ನನ್ನು ತಟ್ಟುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು:

“ರಾಹುಕಾಲ ಬಂತು. ಇವತ್ತು ಓಗೋದು ಬ್ಯಾಡ.”

ಆಗ ಬೆಳಗ್ಗೆ ಒಂಬತ್ತು ಗಂಟೆ. ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಗೆ ಶುರು ಎಂಬುದು ಕ್ಯಾಲೆಂಡರ್ ಇರುವ ಮನೆಯ ಮಕ್ಕಳಿಗೂ ಗೊತ್ತು. ನಮ್ಮ ಅತ್ತೆಗಂತೂ ವಾರದ ರಾಹುಕಾಲಗಳು ಉಸಿರಾಟದಷ್ಟೇ ರೂಢಿ. ರಾಹುಕಾಲದಲ್ಲಿ ಹಾಲು ಉಕ್ಕಿಸಲು ಬಿಡದವರು. ನಿಮಿಷದ ಲೆಕ್ಕಕ್ಕೆ ಪುರೋಹಿತರನ್ನೇ ತಿದ್ದಿದವರು. ನಾನು ಅವರ ಕಡೆ ನೋಡಿದೆ. ಸವಿತಾಳೂ ನೋಡಿದಳು. ಈಗ ಸಿಡಿಲು ಬೀಳುತ್ತದೆ ಎಂದುಕೊಂಡೆ. ಅತ್ತೆ ಗಂಡನ ಬೆನ್ನನ್ನು ಒಂದು ಗಳಿಗೆ ನೋಡಿದರು. ಸೆರಗು ಸೊಂಟಕ್ಕೆ ಸಿಗಿಸಿದರು.

“ಊಂ, ಬಂತು” ಎಂದರು. “ನಾನೂ ಅದ್ನೇ ಏಳನ ಅಂತಿದ್ದೆ. ಬುಧವಾರ ಚೆನ್ನಾಗೈತೆ, ಬುಧವಾರ ಓಗಲಿ.”

ಜೀವಮಾನದಲ್ಲಿ ಮೊದಲ ಬಾರಿಗೆ ರಾಹುವನ್ನು ಅವನ ಜಾಗದಿಂದ ಎಬ್ಬಿಸಿ ಬೆಳಗಿನ ಒಂಬತ್ತಕ್ಕೆ ಕೂರಿಸಿ ಅತ್ತೆ ತೊಟ್ಟಿಲಿನ ಹಗ್ಗ ಬಿಚ್ಚತೊಡಗಿದರು. ನನಗೆ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಕೂಸು ಈ ಕಾರಿನಲ್ಲಿ ಇವತ್ತು ಹೊರಡುವುದಿಲ್ಲ, ಅಷ್ಟು ಸಾಕು. ಜೊತೆಗೆ, ಆ ಇಬ್ಬರ ಸಂಸಾರ ಇಷ್ಟು ವರ್ಷ ಸೋರದೆ ಹೇಗೆ ನಿಂತಿತ್ತು ಎಂಬುದೂ ಅವತ್ತು ನನಗೆ ಸ್ವಲ್ಪ ಗೊತ್ತಾಯಿತು. ಬೀಗಿತ್ತಿಗೆ ಫೋನ್ ಮಾಡಿ ರಾಹುಕಾಲದ ಕಾರಣವನ್ನೇ ಹೇಳಿದೆವು. ಅವರು, “ಹಾಗಾದ್ರೆ ಬುಧವಾರವೇ ಬನ್ನಿ” ಎಂದರು. ಅವರ ಮನೆಯಲ್ಲೂ ಕ್ಯಾಲೆಂಡರ್ ಇದೆ.

ನಯಾಜಣ್ಣನಿಗೆ ಮಾವನೇ ಫೋನ್ ಮಾಡಿದರು. “ಗಾಡಿ ತರ್ಬೇಡಿ ಸಾರ್, ನಾನೇ ಬರ್ತೀನಿ” ಎಂದವನು ಸ್ಕೂಟರಿನಲ್ಲಿ ಚೀಲ ಹಾಕಿಕೊಂಡು ಬಂದ. ಚಕ್ರ ಬಿಚ್ಚಿ, ಕೆಳಗೆ ಕೂತು, ನಟ್ಟು ಸಡಿಲಿಸಿದ. ಅದರ ಜೊತೆ ಬಿಳಿ ನಾರು ನಾರಾಗಿ ಟೇಪು ಹೊರಬಂತು.

“ಯಾರಿದು, ಬ್ರೇಕ್ ಪೈಪಿಗೆ ಟೇಪ್ ಸುತ್ತಿದ್ದು?”

ನಾನು ಏನಾದರೊಂದು ಸುಳ್ಳು ಹೊಂದಿಸಲು ಬಾಯಿ ತೆರೆದೆ. ಹಳೆಯ ಓನರ್ ಇರಬೇಕು ಎನ್ನೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಮಾವ, “ನಾನೇ ಕಣಪ್ಪ” ಎಂದರು. ದನಿಯಲ್ಲಿ ಅಳುಕಿರಲಿಲ್ಲ. ಹೆಂಡತಿ ಮಕ್ಕಳೆದುರು ಬೇಕಾಗಿದ್ದ ಪರದೆ ಕೆಲಸ ಬಲ್ಲವನ ಎದುರು ಬೇಕಾಗಲಿಲ್ಲ ಅನ್ನಿಸುತ್ತದೆ. ಕೆಲಸದ ಮುಂದೆ ಸುಳ್ಳು ಹೇಳಿ ಅವರಿಗೆ ಅಭ್ಯಾಸವೇ ಇರಲಿಲ್ಲ.

ನಯಾಜಣ್ಣ ನಗಲಿಲ್ಲ. “ಗಾಳಿ ಪೈಪಿಗಾದ್ರೆ ಇದು ಸರಿ ಸಾರ್. ಇಲ್ಲಿ ತಿರುಪಿಗೆ ಸೀಲ್ ಮಾಡೋ ಕೆಲ್ಸ ಇಲ್ಲ. ಅದು ಬರೀ ಒತ್ತಿ ಹಿಡ್ಕೊಳ್ಳಕ್ಕೆ. ಸೀಲ್ ಆಗೋದು ಇಲ್ಲಿ” ಎಂದು ಪೈಪಿನ ತುದಿ ತೋರಿಸಿದ. ತುತ್ತೂರಿಯ ಬಾಯಿಯ ಹಾಗೆ ಅರಳಿದ ತುದಿ. ಆ ಬಾಯಿ ಒಳಗಿನ ಕುಳಿಗೆ ಸರಿಯಾಗಿ ಕೂತರೆ ಮುಗಿಯಿತು, ಇನ್ನೇನೂ ಸುತ್ತಬೇಕಾಗಿಲ್ಲ. ನಮ್ಮ ಪೈಪಿನ ಬಾಯಿ ಬಿಗಿತ ತಾಳದೆ ಸೀಳಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು, ಅದೂ ಗಟ್ಟಿಯಾಗಿ. ಟೇಪು ಒಂದೆರಡು ದಿನ ಆಯಿಲನ್ನು ಒಳಗೇ ತಡೆದಿಟ್ಟು ನಮ್ಮ ಕಣ್ಣಿಗೆ ಮಣ್ಣೆರಚಿತ್ತು. ನೆಲ ಒಣಗಿದೆ ಎಂದು ನಾವು ನೆಮ್ಮದಿಯಾಗಿದ್ದಾಗ ಒಳಗೆ ಗಾಳಿ ಸೇರಿ ಪೆಡಲು ಮೆತ್ತಗಾಗುತ್ತಿತ್ತು.

ಬೇರೆಯವರಾಗಿದ್ದರೆ ಅಲ್ಲಿಂದ ಎದ್ದು ಒಳಗೆ ಹೋಗಿಬಿಡುತ್ತಿದ್ದರೇನೋ. ಮಾವ ಏನು ಮಾಡಿದರು ಗೊತ್ತೆ? ಹೊಸ 
ಪಂಚೆಯನ್ನು ಮೊಣಕಾಲಿಗೆ ಕಟ್ಟಿ, ಗೋಣಿಚೀಲ ತಂದು ನಯಾಜಣ್ಣನ ಪಕ್ಕದಲ್ಲೇ ಹಾಸಿದರು. ಕನ್ನಡಕ ಮೂಗಿಗೆ ಏರಿಸಿ ಆ ಸೀಳಿದ ಬಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಓ, ಇಂಗೋ!” ಎಂದರು. ಹೊಸ ಪೈಪು ಹಾಕುವಾಗ ನಟ್ಟನ್ನು ಮೊದಲು ಬರೀ ಬೆರಳಿನಿಂದ ತಿರುಗಿಸುತ್ತಾ ಹೋಗಬೇಕು, ತಡೆದರೆ ಬಲ ಹಾಕದೆ ವಾಪಸ್ ಬಿಚ್ಚಿ ಮತ್ತೆ ಹಿಡಿಯಬೇಕು, ಬಾಯಿ ಕೂತ ಮೇಲೆ ಸ್ಪ್ಯಾನರಿನಲ್ಲಿ ಒಂದಿಷ್ಟೇ ಬಿಗಿಯಬೇಕು ಎಂದು ನಯಾಜಣ್ಣ ತೋರಿಸಿದ. “ಇಷ್ಟೇನಾ? ಸಾಕಾ?” ಎಂದು ಮಾವ ಕೇಳಿದರು, ನಂಬಿಕೆಯೇ ಬರದೆ. ಉದ್ದನೆಯ ಪೈಪು ಸಿಗಿಸದೆ ಬಿಗಿದ ಕೀಲನ್ನು ಅವರು ಬಹುಶಃ ಅದೇ ಮೊದಲು ನೋಡಿದ್ದು.

ಆಮೇಲೆ ಒಳಗಿನ ಗಾಳಿ ತೆಗೆಯುವ ಕೆಲಸ. ಟೇಪಿನ ಚೂರು ಸೇರಿದ್ದರೂ ಹೋಗಲಿ ಎಂದು ಹಳೆಯ ಆಯಿಲನ್ನೂ ಹೊರಗೆ ಬಿಡಬೇಕಾಗಿತ್ತು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ಸಣ್ಣ ಮೂತಿ ಸಡಿಲಿಸಿ ಗುಳ್ಳೆ ಬರುವ ಆಯಿಲನ್ನು ಹೊರಬಿಟ್ಟು ಮುಚ್ಚಬೇಕು, ಆಮೇಲಷ್ಟೇ ಕಾಲು ತೆಗೆಯಬೇಕು. ಪೆಡಲಿಗೆ ನಾನು. ನಯಾಜಣ್ಣ ನನ್ನಿಂದ ಎರಡು ಮಾರು ದೂರದಲ್ಲಿದ್ದ, ಅವನ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ಮಧ್ಯೆ ಮಾವ ನಿಂತು ಪ್ರತಿಯೊಂದನ್ನೂ ದಾಟಿಸಿದರು.

“ಒತ್ತಿ” ಎಂದ ನಯಾಜಣ್ಣ.

“ಒತ್ತಬೇಕಂತೆ ಕಣಮ್ಮ!”

“ಒತ್ತಿದೀನಿ ಮಾವ.”

“ಒತ್ತವ್ಳೆ ಕಣಪ್ಪ! ಬಿಡು ಆಯಿಲ್ಲು!”

ಹೀಗೇ ನಡೆಯಿತು. ಅತ್ತೆ ಮೆಟ್ಟಿಲ ಮೇಲೆ ಕೂಸನ್ನು ಕೂರಿಸಿಕೊಂಡು ಇದನ್ನು ನಾಟಕದ ಹಾಗೆ ನೋಡುತ್ತಿದ್ದರು. ಮೇಲಿನ ರೂಮಿನ ರಾಯಚೂರಿನ ಹೆಂಗಸು ಬಟ್ಟೆ ಒಣಗಿಸುವುದನ್ನು ಅವತ್ತು ಕೈಬಿಟ್ಟಳು. ಒತ್ತುತ್ತಾ ಒತ್ತುತ್ತಾ ಒಂದು ಸಲ ಪೆಡಲು ನನ್ನ ಕಾಲಿಗೆ ಎದುರೊತ್ತಿ ಮೇಲೆಯೇ ನಿಂತಿತು. ಹಾಗೇ ಹಿಡಿದೆ. ಕಾದೆ. ಇಳಿಯಲಿಲ್ಲ. ಜೋರಾಗಿ ಒತ್ತಿದೆ. ಇಳಿಯಲಿಲ್ಲ. ಆ ಗಟ್ಟಿತನ ಪಾದದಿಂದ ಏರಿ ಎದೆಗೆ ಬಂತು ಎಂದರೆ ನಗಬೇಡಿ. ಬಸ್ಸಿನ ಹಿಂದೆ ನಿಂತಲ್ಲಿಂದ ಹಿಡಿದುಕೊಂಡಿದ್ದ ಉಸಿರನ್ನು ನಾನು ಬಿಟ್ಟಿದ್ದು ಆಗಲೇ. “ನಿಂತಿದೆ ಮಾವ” ಎಂದೆ. ಅವರು ಬಂದು ನನ್ನನ್ನು ಎಬ್ಬಿಸಿ ತಾವೇ ಕೂತು, ಒತ್ತಿ ಹಿಡಿದು, ಗಾಜಿನಾಚೆ ನೋಡುತ್ತಾ ಬಹಳ ಹೊತ್ತು ಕೂತರು. ಮುಳ್ಳು ಇಳಿಯಲಿಲ್ಲ. ಮರುದಿನ ಬೆಳಗ್ಗೆ ಅತ್ತೆಗೆ ತಾವೇ ರಂಗೋಲಿ ಡಬ್ಬಿ ತಂದುಕೊಟ್ಟು, “ಚಕ್ರದ ಬುಡದಲ್ಲೇ ಬಿಡು” ಎಂದರು. ಅದು ಸಂಜೆಯವರೆಗೂ ಒಣಗಿಯೇ ಇತ್ತು.

ಬುಧವಾರ ರಜೆ ಹಾಕಿ ನಾನೇ ಓಡಿಸಿದೆ. ತೊಟ್ಟಿಲು ಕಾರಿನ ತಲೆಯ ಮೇಲೆ, ಅತ್ತೆ, ಸವಿತಾ, ಕೂಸು ಹಿಂದೆ, ಮಾವ ಎಂದಿನಂತೆ ನನ್ನ ಪಕ್ಕ. ಬೊಮ್ಮಸಂದ್ರದವರೆಗೆ ಎಂದಿನಂತೆಯೇ ಇತ್ತು. ನಾನು ಒತ್ತಿದಾಗ ಅವರೂ ಒತ್ತಿದರು. ಚಂದಾಪುರದ ಹತ್ತಿರ ಲಾರಿಗಳ ಸಾಲು ನಿಂತಿತ್ತು. ನಾನು ಬ್ರೇಕ್ ಹಾಕಿದೆ, ಕಾರು ಹೇಳಿದ ಮಾತು ಕೇಳುವ ಮಗುವಿನ ಹಾಗೆ ನಿಂತಿತು. ಏನೋ ಕಡಿಮೆಯಾದ ಹಾಗೆ ಅನ್ನಿಸಿ ಪಕ್ಕಕ್ಕೆ ನೋಡಿದೆ. ಮ್ಯಾಟಿನ ತೂತಿನ ಮೇಲೆ ಮಾವನ ಕಾಲು ಇರಲಿಲ್ಲ. ಸೀಟಿನ ಮೇಲೆ ಮಡಚಿಕೊಂಡಿತ್ತು. ಕೂಸಿನ ಉಣ್ಣೆ ಟೋಪಿಯನ್ನು ಕೈಯಲ್ಲಿ ಹಿಡಿದು, ಬಾಯಿ ತೆರೆದು ಅವರು ನಿದ್ದೆ ಹೋಗಿದ್ದರು. ನಾನು ಓಡಿಸುವ ಕಾರಿನಲ್ಲಿ ಅವರು ನಿದ್ದೆ ಮಾಡಿದ್ದು ಅದೇ ಮೊದಲು. ಅತ್ತಿಬೆಲೆ ಬರುವವರೆಗೂ ನಾನು ಹಾರ್ನ್ ಮಾಡಲಿಲ್ಲ.

ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಕಾರು ಇನ್ನೂ ಅಂಗಳದಲ್ಲಿದೆ. ಟೇಪು ಮಾತ್ರ ಮಾವನ ಸಾಮಾನಿನ ಡಬ್ಬಿಯಲ್ಲಿ ಹಾಗೇ ಉಳಿದಿತ್ತು. ಮಾವ ಆಮೇಲೆ ಅದನ್ನು ಮುಟ್ಟುವ ಮುಂಚೆ ಎಲ್ಲಿ ಸೋರುತ್ತಿದೆ ಎಂದು ಹತ್ತು ಸಲ ನೋಡುವವರಾದರು. ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ನಿನ್ನೆ ನಲ್ಲಿ ತೊಟ್ಟಿಕ್ಕಿದಾಗ ನಾನೇನು ಮಾಡಿದೆ? ಡಬ್ಬಿಯಿಂದ ಟೇಪು ತೆಗೆದು, ನಲ್ಲಿ ಬಿಚ್ಚಿ, ಇಷ್ಟು ದಪ್ಪ ಸುತ್ತಿ, ಕೈಗೆ ಬಟ್ಟೆ ಹಿಡಿದು, ಹಲ್ಲು ಕಚ್ಚಿ ಬಿಗಿದೆ. ನೀರು ಬೀಳುತ್ತಿದ್ದದ್ದು ನಲ್ಲಿಯ ಬಾಯಿಂದ. ನಾನು ಸುತ್ತಿದ್ದು ಅದರ ಕುತ್ತಿಗೆಗೆ. ಮನೆಯ ಗುಣ ಸೊಸೆಗೆ ಹತ್ತುವುದಿಲ್ಲ ಎಂದು ಹೇಳಿದವರು ಯಾರು?

ಪ್ಲಂಬರಿಗೆ ಕೊನೆಗೂ ವಾಷರ್ ಸಿಕ್ಕಿದೆ. ಹಳೆಯ ವಾಷರ್ ಸವೆದು ಹರಿದಿರುವುದನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದ. “ಇದು ಹೋಗಿದೆ ಮೇಡಂ. ಟೇಪಿಂದು ಏನೂ ತಪ್ಪಿಲ್ಲ. ಯಾರೋ ಗೊತ್ತಿಲ್ದೆ ಸುತ್ತವ್ರೆ” ಎಂದು ಮತ್ತೆ ನನ್ನ ಮುಖ ನೋಡಿದ.

ನಯಾಜಣ್ಣನ ಎದುರು ಮಾವ ಹೇಳಿದ್ದ ಆ ಒಂದು ಮಾತು ನೆನಪಾಯಿತು. ಉಸಿರೆಳೆದುಕೊಂಡು, “ನಾನೇ ಸುತ್ತಿದ್ದು” ಎಂದೆ. ಕಿವಿ ಬಿಸಿಯಾಯಿತು. ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಮಾವನಿಗೆ ಎಲ್ಲವೂ ಕೇಳಿಸಿತ್ತು. ಕಣ್ಣು ಮಂದವಾದರೂ ಅವರ ಕಿವಿ ಚುರುಕು. ಅಲ್ಲಿಂದಲೇ ಕೂಗಿ ಹೇಳಿದರು:

“ರಾಹುಕಾಲದಾಗೆ ಸುತ್ತವ್ಳೆ ಕಣಪ್ಪ, ಅದಕ್ಕೇ ಕೂತಿಲ್ಲ ಅದು. ಇಲ್ದಿದ್ರೆ ನಮ್ ಸೊಸೆ ಕೆಲ್ಸ ಕೆಡಲ್ಲ.”

ದೇವರ ಮನೆಯಿಂದ ಅತ್ತೆಯ ದನಿ ಬಂತು, “ಊಂ, ನಾನೂ ಏಳ್ದೆ ನಿನ್ನೆ, ಈಗ ಬ್ಯಾಡ ಕಣಮ್ಮ ಅಂತ.”

ನಿನ್ನೆ ನಾನು ಟೇಪು ಸುತ್ತುವಾಗ ಅತ್ತೆ ಮನೆಯಲ್ಲೇ ಇರಲಿಲ್ಲ. ಪ್ಲಂಬರ್ ಏನೂ ಅರ್ಥವಾಗದೆ ತಲೆಯಾಡಿಸಿ ನಲ್ಲಿ ಕೂರಿಸಿದ. ನಾನು ಒಣ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಹಾಗೇ ಕಾದೆ. ಬೆರಳು ಒಣಗಿಯೇ ಇತ್ತು. ನಾಲ್ಕು ಲೋಟ ಕಾಫಿಗೆ ನೀರು ಹಿಡಿದೆ.